ಗಾಂಜಾ ಕುರಿತು ಮಕ್ಕಳಿಗೆ ನಿಜವನ್ನೇ ಹೇಳೋಣ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವ ಆರೋಗ್ಯ ಮತ್ತು ರೋಗಗಳ ಅಧ್ಯಾಯ ಬರುತ್ತದೆ. ಅದರ ಕೊನೆಯ ಭಾಗದಲ್ಲಿ ಮಾದಕ ವಸ್ತುಗಳ ಬಗ್ಗೆ ಕೆಲವು ಪುಟಗಳಿವೆ, ಗಾಂಜಾ ಬಗ್ಗೆ ಕೆಲವೇ ಸಾಲುಗಳಿವೆ. ಬೆಂಗಳೂರಿನ ಕಾಲೇಜೊಂದರಲ್ಲಿ ಈ ಪಾಠ ಮಾಡುವ ನನಗೆ ಪ್ರತಿವರ್ಷವೂ ಆ ಕೆಲವು ಸಾಲುಗಳಿಗೇ ಅತಿ ಹೆಚ್ಚು ಪ್ರಶ್ನೆಗಳು ಬರುತ್ತವೆ. “ಮೇಡಂ, ಅದು ಗಿಡ ತಾನೇ? ಸಿಗರೇಟು, ಎಣ್ಣೆಗಿಂತ ವಾಸಿ ಅಂತಾರಲ್ಲ?” ಎಂದು ಹಿಂದಿನ ಬೆಂಚಿನಿಂದ ಒಬ್ಬರಾದರೂ ಕೇಳುತ್ತಾರೆ. ಮನೆಯಲ್ಲಿ ಅವರಿಗೆ ಸಿಕ್ಕಿರುವ ಉತ್ತರ, ಒಮ್ಮೆ ಸೇದಿದರೂ ಹುಚ್ಚು ಹಿಡಿಯುತ್ತದೆ ಎಂಬುದು. ಸೇದಿದ ಸ್ನೇಹಿತನೊಬ್ಬ ಮರುದಿನ ಎಂದಿನಂತೆ ತರಗತಿಗೆ ಬಂದು ಕುಳಿತದ್ದನ್ನು ಕಂಡ ಮೇಲೆ ಹಿರಿಯರ ಆ ಮಾತನ್ನಷ್ಟೇ ಅಲ್ಲ, ನಂತರ ಅವರು ಹೇಳುವ ಯಾವ ಮಾತನ್ನೂ ಮಕ್ಕಳು ನಂಬುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಭಯ ಹುಟ್ಟಿಸುವುದಕ್ಕಿಂತ ನಿಖರವಾಗಿ ಮಾತಾಡುವುದೇ ಹೆಚ್ಚು ರಕ್ಷಣೆ ಕೊಡುತ್ತದೆ ಎಂದು ನಾನು ನಂಬಿದ್ದೇನೆ.

ಗಾಂಜಾದಲ್ಲಿ ಅಮಲು ಬರಿಸುವ ಮುಖ್ಯ ರಾಸಾಯನಿಕ ಟಿಎಚ್‌ಸಿ. ಇಸ್ರೇಲಿನ ರಫಾಯೆಲ್ ಮೆಕೂಲಂ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ನಮ್ಮ ಮೆದುಳೇ ತಯಾರಿಸಿಕೊಳ್ಳುವ, ನರಕೋಶಗಳ ನಡುವಿನ ಸಂದೇಶಗಳನ್ನು ಹದದಲ್ಲಿಡುವ ಕೆಲವು ಪದಾರ್ಥಗಳಿವೆ. ನರಕೋಶಗಳ ಮೇಲೆ ಅವು ಬಂದು ಕೂರಬೇಕಾದ ಗ್ರಾಹಕಗಳ (ರಿಸೆಪ್ಟರ್‌ಗಳ) ಮೇಲೆ ಟಿಎಚ್‌ಸಿ ಹೋಗಿ ಕೂರುತ್ತದೆ. ಈ ಗ್ರಾಹಕಗಳು ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್, ದೇಹದ ಸಮತೋಲನ ಕಾಯುವ ಸೆರೆಬೆಲ್ಲಮ್, ಯೋಚಿಸಿ ತೀರ್ಮಾನಿಸುವ ಮೆದುಳಿನ ಮುಂಭಾಗ ಮುಂತಾದೆಡೆ ದಟ್ಟವಾಗಿವೆ. ಸೇದಿದವನಿಗೆ ಈಗ ಕೇಳಿದ್ದು ಈಗಲೇ ಮರೆಯುವುದು, ಹೊತ್ತು ಸರಿದದ್ದು ತಿಳಿಯದಿರುವುದು, ಬೈಕ್ ಓಡಿಸುವಾಗ ಬ್ರೇಕ್ ಹಿಡಿಯಲು ತಡವಾಗುವುದು ಇದರಿಂದಲೇ. ಉಸಿರಾಟವನ್ನು ನಡೆಸುವ, ಮೆದುಳಿನ ಕಾಂಡದಲ್ಲಿರುವ ಕೇಂದ್ರಗಳಲ್ಲಿ ಮಾತ್ರ ಇವು ತೀರಾ ವಿರಳ. ಹೆರಾಯಿನ್ ಹೆಚ್ಚಾದಾಗ ಉಸಿರು ನಿಂತು ಸಾಯುವಂತೆ ಗಾಂಜಾದಿಂದ ಸಾಯದಿರುವುದಕ್ಕೆ ಕಾರಣ ಇದು. ಇದನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವೇ ಇಲ್ಲ.

ಮುಚ್ಚಿಡದೆ ಹೇಳಬೇಕಾದ ಇನ್ನೊಂದು ಸಂಗತಿ ವಯಸ್ಸಿನದು. ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ನೆಯ ವಯಸ್ಸಿನ ಹೊತ್ತಿಗೆ. ಹದಿಹರೆಯದಲ್ಲಿ ಬೇಡದ ನರಸಂಪರ್ಕಗಳು ಕಳಚಿ, ಬೇಕಾದವು ಗಟ್ಟಿಗೊಳ್ಳುವ ಕೆಲಸ ನಡೆದಿರುತ್ತದೆ, ಆ ಕೆಲಸದಲ್ಲಿ ಟಿಎಚ್‌ಸಿ ಆಕ್ರಮಿಸುವ ಅದೇ ವ್ಯವಸ್ಥೆಗೂ ಪಾತ್ರವಿದೆ. 1987ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ, ಸೇರುವ ಹೊತ್ತಿಗೇ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಆರು ಪಟ್ಟು ಹೆಚ್ಚಾಗಿದ್ದುದನ್ನು ಕಂಡಿತು. ಇತರ ಕಾರಣಗಳನ್ನು ಲೆಕ್ಕಕ್ಕೆ ತಂದಾಗ ಆ ಪ್ರಮಾಣ ತಗ್ಗಿತಾದರೂ ಇಲ್ಲವಾಗಲಿಲ್ಲ. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ ನಗರಗಳಿಂದ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಎಂದೂ ಬಳಸದವರಿಗೆ ಹೋಲಿಸಿದರೆ ದಿನನಿತ್ಯ ಬಳಸುವವರಲ್ಲಿ ಸೈಕೋಸಿಸ್‌ನ (ವಾಸ್ತವದ ಅರಿವು ತಪ್ಪುವ ಕಾಯಿಲೆಯ) ಸಂಭವ ಮೂರು ಪಟ್ಟು, ಟಿಎಚ್‌ಸಿ ಶೇ 10ಕ್ಕಿಂತ ಹೆಚ್ಚಿರುವ ಸರಕನ್ನು ದಿನನಿತ್ಯ ಬಳಸುವವರಲ್ಲಿ ಸುಮಾರು ಐದು ಪಟ್ಟು. ಬಳಸಿದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದೂ ನಿಜವೇ. ಆದರೆ ಮನೆತನದಲ್ಲಿ ಯಾರಿಗಾದರೂ ಇಂಥ ಮಾನಸಿಕ ಕಾಯಿಲೆ ಇದ್ದಿದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಕುಟುಂಬಗಳಲ್ಲಿ ಅಂಥ ದೊಡ್ಡಪ್ಪ ಅಥವಾ ಅತ್ತೆಯ ವಿಷಯವನ್ನು ಮಕ್ಕಳ ಮುಂದೆ ಎತ್ತುವುದೇ ಇಲ್ಲವಾದ್ದರಿಂದ, ತನಗೆ ಅಪಾಯ ಹೆಚ್ಚೆಂಬುದು ಯಾವ ಮಗುವಿಗೆ ತಿಳಿಯಬೇಕೋ ಅದಕ್ಕೇ ತಿಳಿಯುವುದಿಲ್ಲ.

ಸರಕಿನ ತೀವ್ರತೆಯೂ ಬೆಂಗಳೂರಿನಲ್ಲಿ ಹಿಂದಿನಂತಿಲ್ಲ. ಹಳ್ಳಿಯ ಕಡೆ ಹಿಂದೆ ಚಿಲುಮೆಗೆ ತುಂಬುತ್ತಿದ್ದ ಸೊಪ್ಪೇ ಬೇರೆ, ಈಗ ‘ಹೈಡ್ರೊ’ ಹೆಸರಿನಲ್ಲಿ ಮಾರಾಟವಾಗುವುದೇ ಬೇರೆ. ಮಣ್ಣಿಲ್ಲದೆ, ಕೃತಕ ಬೆಳಕಿನಲ್ಲಿ, ಆಯ್ದ ತಳಿಯಿಂದ ಬೆಳೆಸಿದ ಹೂವಿನ ಮೊಗ್ಗು ಅದು. 2022ರ ಜೂನ್‌ನಲ್ಲಿ ಥಾಯ್ಲೆಂಡ್ ಗಾಂಜಾ ಗಿಡವನ್ನು ನಿಷೇಧಿತ ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. ಆ ನಂತರದ ವರ್ಷಗಳಲ್ಲಿ ಬ್ಯಾಂಕಾಕ್‌ನಿಂದ ಬಂದವರ ಸಾಮಾನುಗಳಲ್ಲಿ ಇಂಥ ಗಾಂಜಾ ಸಿಕ್ಕ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬರುತ್ತಿದೆ. ಅಜ್ಜಂದಿರು ಸೇದಿಯೂ ಚೆನ್ನಾಗಿದ್ದರಲ್ಲ ಎಂಬ ವಾದ ಈ ಸರಕಿಗೆ ಅನ್ವಯಿಸುವುದಿಲ್ಲ.

ಮನಸ್ಸಿನ ಕಾಯಿಲೆಯ ಮಾತಾದರೂ ಆಗಾಗ ಕೇಳಿಬರುತ್ತದೆ. ಹೊಟ್ಟೆಗೆ ಸಂಬಂಧಿಸಿದ ಒಂದು ತೊಂದರೆಯ ಬಗ್ಗೆ ಬಹುತೇಕ ಯಾರಿಗೂ ತಿಳಿದಿಲ್ಲ. ನಮ್ಮ ಬಂಧುಗಳ ಮಗ ವೈಟ್‌ಫೀಲ್ಡ್ ಕಡೆ ಪಿಜಿಯಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಎದ್ದರೆ ವಾಕರಿಕೆ, ಕೆಲವು ವಾರಗಳಿಗೊಮ್ಮೆ ನೀರೂ ನಿಲ್ಲದಷ್ಟು ವಾಂತಿ. ಬೆಂಗಳೂರಿನಲ್ಲಿ ಹೊಟ್ಟೆಯ ಯಾವ ತೊಂದರೆಗೂ ಇರುವ ಮೊದಲ ಹೆಸರು ‘ಗ್ಯಾಸ್ಟ್ರಿಕ್’ ಆದ್ದರಿಂದ ಮಾತ್ರೆಗಳಾದವು, ಹೊರಗಿನ ಊಟ ಬಿಟ್ಟದ್ದಾಯಿತು, ಎಂಡೋಸ್ಕೋಪಿಯೂ ಆಯಿತು, ಏನೂ ಕಾಣಲಿಲ್ಲ. ಮನೆಗೆ ಬಂದಿದ್ದಾಗ ಅವನ ತಾಯಿ ಗಮನಿಸಿದ್ದು ಒಂದೇ: ಹುಡುಗ ದಿನಕ್ಕೆ ನಾಲ್ಕೈದು ಬಾರಿ ಗೀಸರ್ ಬರಿದಾಗುವವರೆಗೂ ಸುಡುಸುಡು ನೀರಿನಲ್ಲಿ ನಿಂತಿರುತ್ತಿದ್ದ, ನಿಂತಷ್ಟು ಹೊತ್ತು ವಾಕರಿಕೆ ಇರುತ್ತಿರಲಿಲ್ಲ. ಈ ಮಾತನ್ನು ಕೇಳಿಸಿಕೊಂಡ ವೈದ್ಯೆಯೊಬ್ಬರು ತಾಯಿಯನ್ನು ಹೊರಗೆ ಕಳಿಸಿ ಅವನೊಬ್ಬನನ್ನೇ ಕೂರಿಸಿಕೊಂಡು ವಿಚಾರಿಸಿದಾಗ, ವರ್ಷಗಳಿಂದ ನಿತ್ಯವೂ ಗಾಂಜಾ ಸೇದುತ್ತಿದ್ದುದು ಹೊರಬಂತು. ದೀರ್ಘಕಾಲದ ಅತಿ ಬಳಕೆಯಿಂದ ಬರುವ ಈ ವಾಂತಿಯ ಕಾಯಿಲೆಯನ್ನು ವೈದ್ಯರು ಮೊದಲು ವಿವರಿಸಿದ್ದು 2004ರಲ್ಲಿ, ಆಸ್ಟ್ರೇಲಿಯಾದಲ್ಲಿ. ಬಿಸಿನೀರಿನಿಂದ ಸಿಗುವ ತಾತ್ಕಾಲಿಕ ನೆಮ್ಮದಿಯೇ ಅದರ ಗುರುತು. ವಾಂತಿ ನಿಲ್ಲಿಸುವ ಸಾಮಾನ್ಯ ಔಷಧಿಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ನೀರಿನಂಶ ತೀರಾ ಇಳಿದರೆ ಮೂತ್ರಪಿಂಡಗಳಿಗೂ ಪೆಟ್ಟಾಗಬಹುದು. ಗಾಂಜಾ ವಾಕರಿಕೆಯನ್ನು ತಡೆಯುತ್ತದೆ ಎಂದು ಎಲ್ಲೋ ಓದಿಕೊಂಡಿದ್ದ ಆ ಹುಡುಗ, ವಾಂತಿ ಹೆಚ್ಚಾದಷ್ಟೂ ಹೆಚ್ಚು ಸೇದುತ್ತಿದ್ದ ಎಂದು ಕೇಳಿದಾಗ ನನಗೆ ಬಹಳ ಸಂಕಟವಾಯಿತು. ಪೂರ್ತಿ ಬಿಟ್ಟ ಮೇಲೆ ವಾಂತಿ ನಿಂತಿದೆ.

ಅವನು ಓದಿದ್ದು ಪೂರ್ತಿ ಸುಳ್ಳೂ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯ ವಾಕರಿಕೆಗೆ ಟಿಎಚ್‌ಸಿಯ ಕೃತಕ ರೂಪಗಳು ಕೆಲವು ದೇಶಗಳಲ್ಲಿ ಔಷಧಿಯಾಗಿವೆ. ಇದೇ ಗಿಡದ, ಅಮಲಿಲ್ಲದ ಸಿಬಿಡಿ ಎಂಬ ಅಂಶಕ್ಕೆ ಮಕ್ಕಳ ಕೆಲವು ಅಪರೂಪದ ಅಪಸ್ಮಾರಗಳಿಗಾಗಿ ಅಮೆರಿಕ 2018ರಲ್ಲಿ ಅನುಮೋದನೆ ಕೊಟ್ಟಿದೆ. ಅವು ಅಳತೆ ತಿಳಿದ, ವೈದ್ಯರ ಕಣ್ಣಿನಡಿಯಲ್ಲಿ ಕೊಡುವ ಔಷಧಿಗಳು. ಸಿಗರೇಟಿನ ತಂಬಾಕಿನ ಜೊತೆ ಬೆರೆಸಿ ಸುತ್ತಿದ ಜಾಯಿಂಟ್‌ನಲ್ಲಿ ಎಷ್ಟು ಟಿಎಚ್‌ಸಿ ಇದೆಯೆಂದು ಮಾರಿದವನಿಗೂ ಗೊತ್ತಿರುವುದಿಲ್ಲ, ಅದರೊಂದಿಗೆ ನಿಕೋಟಿನ್ನಿನ ಚಟವೂ ಉಚಿತವಾಗಿ ಅಂಟುತ್ತದೆ.

ಗಾಂಜಾ ಚಟವಾಗುವುದಿಲ್ಲ ಎಂಬ ಮಾತನ್ನಂತೂ ನಾನು ತರಗತಿಯಲ್ಲಿ ಒಪ್ಪುವುದೇ ಇಲ್ಲ. ಬಳಸಿದವರಲ್ಲಿ ಸುಮಾರು ಹತ್ತರಲ್ಲೊಬ್ಬರು, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಆರರಲ್ಲೊಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ ಎಂಬುದು ಬಹುಕಾಲದಿಂದ ಉಲ್ಲೇಖಗೊಳ್ಳುತ್ತಿರುವ ಅಂದಾಜು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ, ಭಾಂಗ್ ಸೇರಿದಂತೆ ಗಾಂಜಾ ಗಿಡದ ಪದಾರ್ಥಗಳನ್ನು ಹಿಂದಿನ ಒಂದು ವರ್ಷದಲ್ಲಿ ಬಳಸಿದವರು ದೇಶದಲ್ಲಿ 3.1 ಕೋಟಿ ಎಂದು ಲೆಕ್ಕ ಹಾಕಿತ್ತು. ಅವರಲ್ಲಿ ಸಹಾಯ ಬೇಕಾದವರಿಗೆ ಎಲ್ಲಿಗೆ ಹೋಗಬೇಕೆಂಬುದು ತಿಳಿದಿರಬೇಕು.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಕುಟುಂಬಗಳು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಯೂ ಅಪರಾಧವೇ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನನ್ನು ವಿಚಾರಣೆಯಿಂದ ಕಾಪಾಡುವ 64ಎ ಕಲಮು ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೇ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಫೋನಿನಲ್ಲಿ ಮಾತಾಡಬೇಕೆನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಬಿಟ್ಟ ಮೊದಲ ದಿನಗಳ ಬಗ್ಗೆ ಮನೆಯವರಿಗೆ ಮುಂಚೆಯೇ ಹೇಳಿರುವುದು ಬಹಳ ಮುಖ್ಯ. ಒಂದೆರಡು ದಿನಗಳಲ್ಲಿ ಸಿಡುಕು, ನಿದ್ದೆಗೇಡು, ವಿಚಿತ್ರ ಕನಸುಗಳು, ಊಟ ಸೇರದಿರುವುದು ಶುರುವಾಗಿ, ಮೊದಲ ವಾರದಲ್ಲಿ ಹೆಚ್ಚಾಗಿ, ಸಾಮಾನ್ಯವಾಗಿ ಎರಡು ವಾರಗಳ ಹೊತ್ತಿಗೆ ಇಳಿಯುತ್ತವೆ. ಆ ಸಿಡುಕನ್ನು ಕಂಡು, ಇವನು ಮತ್ತೆ ಸೇದಿದ್ದಾನೆಂದು ಅನುಮಾನಿಸಿ ಜಗಳಕ್ಕಿಳಿಯುವ ತಂದೆಯಂದಿರನ್ನು ನಾನು ಬಲ್ಲೆ. ನಿಜವಾಗಿ ಆಗ ಅವನು ಬಿಡುತ್ತಿರುತ್ತಾನೆ. ಇನ್ನೊಂದು ವಿಷಯ: ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿಯುವುದರಿಂದ, ನಿತ್ಯ ಸೇದುತ್ತಿದ್ದವರ ಮೂತ್ರಪರೀಕ್ಷೆ ಬಿಟ್ಟು ವಾರಗಳಾದ ಮೇಲೂ ಪಾಸಿಟಿವ್ ಬರಬಹುದು. ಮೆಡಿಕಲ್ ಸ್ಟೋರಿನಿಂದ ಕಿಟ್ ತಂದು ಮನೆಯಲ್ಲೇ ಪರೀಕ್ಷಿಸಿ ಮಗನನ್ನು ಸುಳ್ಳುಗಾರನೆಂದು ಕರೆಯುವ ಮೊದಲು, ಆ ವರದಿಯನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ ಕೇಳಬೇಕು.