ಕಪ್ಪೆ ಅರಭಟ್ಟನ್ನ ಹುಡುಕ್ಕೊಂಡು ಬಾದಾಮಿ ಹೊಂಡದ ಸುತ್ತ ಒಂದಿನ

ಹೈಸ್ಕೂಲಲ್ಲಿ ನಮ್ ಕನ್ನಡ ಮೇಷ್ಟ್ರು ಒಂದ್ ಸಾಲು ಬಾಯಿಪಾಠ ಮಾಡ್ಸಿದ್ರು, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ. ಇಡೀ ಕ್ಲಾಸು ಮಗ್ಗಿ ಹೇಳೋ ರಾಗದಲ್ಲಿ ಅದನ್ನ ಕೂಗಿದ್ದು ನೆನಪಿದೆ, ಮುಂದಿನ ಸಾಲು ಯಾರಿಗೂ ನೆನಪಿಲ್ಲ. ಅದು ಬಾದಾಮಿಲಿರೋ ಕಪ್ಪೆ ಅರಭಟ್ಟನ ಶಾಸನದ ಸಾಲು, ಸುಮಾರು ಕ್ರಿ.ಶ. 700ರದ್ದು, ಕನ್ನಡದ ಅತಿ ಹಳೇ ತ್ರಿಪದಿ ಸಿಕ್ಕಿರೋದು ಅಲ್ಲೇ. ನನ್ ಫ್ರೆಂಡ್ಸಲ್ಲಿ ಬಾದಾಮಿಗೆ ಹೋಗಿಬಂದೋರು ಆರೇಳು ಜನ ಇದಾರೆ, ಎಲ್ರದ್ದೂ ಗುಹೆ ಮುಂದೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರೋ ಫೋಟೋನೇ, ಈ ಶಾಸನ ನೋಡಿದೀನಿ ಅಂದೋರು ಒಬ್ರೂ ಇಲ್ಲ. ಸೆಪ್ಟೆಂಬರಲ್ಲಿ ಎರಡು ದಿನ ರಜಾ ಸಿಕ್ತು, ಕೆಲಸಕ್ಕೆ ಸೇರಿದ ಮೇಲೆ ಮೊದಲ್ನೇ ಸಲ ಒಬ್ಳೇ ಟ್ರಿಪ್ಪು, ಅಮ್ಮಂಗೆ ಮಾತ್ರ ರೂಮ್‌ಮೇಟ್ ಜೊತೆ ಹೋಗ್ತಿದೀನಿ ಅಂದಿದ್ದೆ (ಇದನ್ನ ಅಮ್ಮ ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದೀನಿ).

ಬೆಂಗಳೂರಲ್ಲಿ ರಾತ್ರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗಿನ ಜಾವ ಬಾದಾಮಿ ಸ್ಟೇಷನ್ನು. ಸ್ಟೇಷನ್ನಿಂದ ಊರಿಗೆ ಐದು ಕಿಲೋಮೀಟರ್, ಕತ್ತಲಲ್ಲಿ ಟಂಟಂ (ಶೇರ್ ಆಟೋ) ಹತ್ತಿ ಹನ್ನೊಂದನೇ ಸೀಟಾಗಿ ಡ್ರೈವರಣ್ಣನ ಪಕ್ಕ ಅರ್ಧ ಹೊರಗೆ ಅರ್ಧ ಒಳಗೆ ಕೂತ್ಕೊಂಡು ಹೋದೆ. ಊರು ಬಂದಾಗ ಬೆಳಕು ಹರೀತಿತ್ತು, ಎದುರಿಗೆ ಎರಡು ಕೆಂಪು ಗುಡ್ಡ, ಮಧ್ಯ ಹಸಿರು ನೀರು.

ಆ ನೀರೇ ಅಗಸ್ತ್ಯ ತೀರ್ಥ, ಹೊಂಡ ಅಂತಾನೂ ಅಂತಾರೆ. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆ, ಉತ್ತರದ ಗುಡ್ಡದಲ್ಲಿ ಕೋಟೆ ಮತ್ತೆ ಶಿವಾಲಯಗಳು, ಪೂರ್ವದ ತುದೀಲಿ ನೀರಿಗೇ ಅಂಟ್ಕೊಂಡಂಗೆ ಭೂತನಾಥ ಗುಡಿ, ಪಶ್ಚಿಮಕ್ಕೆ ಊರು. ಮ್ಯಾಪ್ ಬೇಕಾಗೇ ಇಲ್ಲ, ನೀರು ಎಲ್ಲಿದೆ ಅಂತ ನೋಡ್ಕೊಂಡ್ರೆ ಸಾಕು.

ಮೊದ್ಲು ಗುಹೆಗೆ ಹೋದೆ, ಹೋಗದೇ ಬಂದ್ರೆ ಯಾರೂ ಸುಮ್ನೆ ಬಿಡಲ್ಲ ಅಂತ. ಒಂದನೇ ಗುಹೆ ಪಕ್ಕದಲ್ಲೇ ಹದಿನೆಂಟು ಕೈ ನಟರಾಜ, ಅಲ್ಲಿದ್ದ ಗೈಡು ಒಂದು ಫ್ಯಾಮಿಲಿಗೆ ಯಾವ ಕೈ ಯಾವ ಕೈಗೆ ಸೇರಿಸಿದ್ರೆ ಯಾವ ಮುದ್ರೆ ಅಂತ ತೋರಿಸ್ತಿದ್ರು, ನಾನೂ ಕಾಸು ಕೊಡದೇ ಹಿಂದೆ ನಿಂತು ಕೇಳಿಸ್ಕೊಂಡೆ. ಮೂರನೇದು ಎಲ್ಲದಕ್ಕಿಂತ ದೊಡ್ಡದು, ಚಾಲುಕ್ಯರ ಮಂಗಲೇಶ 578ರಲ್ಲಿ ಮಾಡ್ಸಿದ್ದು ಅಂತ ಅಲ್ಲೇ ಶಾಸನ ಇದೆ. ಅದಲ್ದೆ ಮಂಗಲೇಶಂದೇ ಇನ್ನೊಂದು ಚಿಕ್ಕ ಕನ್ನಡ ಶಾಸನ ಇದೆ, ಈ ಗುಹೆಗೆ ಲಂಜಿಗೇಸರ ಅನ್ನೋ ಊರು ದತ್ತಿ ಕೊಟ್ಟಿದ್ದು, ಅದರಲ್ಲಿ ಗುಹೆ ಅಂತ ಅಂದಿಲ್ಲ, "ಕಲ್ಮನೆ" ಅಂದಿದಾರೆ. ಎಷ್ಟ್ ಚೆನ್ನಾಗಿದೆ ಆ ಪದ! ನಾವು ಹೋಗಿ ಹೋಗಿ ಕೇವ್ ನಂಬರ್ ತ್ರೀ ಅಂತ ಬೋರ್ಡ್ ಹಾಕಿದೀವಿ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಸ್ಕೆಟ್ ಪ್ಯಾಕ್ ತೆಗೆದೆ ಅಷ್ಟೇ, ಒಂದ್ ಮಂಗ ಬಂತು, ಜಗಳ ಇಲ್ಲ ಗಲಾಟೆ ಇಲ್ಲ, ಬಸ್ ಕಂಡಕ್ಟರ್ ಟಿಕೆಟ್ ಇಸ್ಕೊಂಡಂಗೆ ಕೈಯಿಂದ ಇಸ್ಕೊಂಡು ಹೋಯ್ತು. ಗೋಡೆ ಮೇಲೆ ಕೂತು ನನ್ನೇ ನೋಡ್ತಾ ತಿಂತು.

ಕಲ್ಲಿನ ಬಗ್ಗೆ ಒಂದ್ ಮಾತು ಹೇಳ್ಲೇಬೇಕು. ಹತ್ತಿರ ಹೋಗಿ ನೋಡಿದ್ರೆ ಬಂಡೆ ತುಂಬ ಓರೆ ಓರೆ ಗೆರೆ, ಒಂದರ ಮೇಲೊಂದು ಪದರ, ಮರಳು ಗುಡ್ಡೆ ಹಾಕಿದಾಗ ಜಾರಿ ನಿಲ್ಲತ್ತಲ್ಲ ಹಂಗೆ. ಕೋಟಿಗಟ್ಲೆ ವರ್ಷದ ಹಿಂದೆ ಯಾವುದೋ ನದಿ ತಂದು ಹಾಕಿದ ಮರಳು ಗಟ್ಟಿಯಾಗಿ ಆಗಿರೋ ಕಲ್ಲು ಇದು. ಕಬ್ಬಿಣದ ಅಂಶದಿಂದ ಕೆಂಪು. ನಾಲ್ಕನೇ ಗುಹೇಲಿ ಜೈನ ತೀರ್ಥಂಕರರ ಮೂರ್ತಿ ಕೆತ್ತಿದಾರಲ್ಲ, ಅಲ್ಲೂ ಕಂಬದ ಮೇಲೆ ಆ ಹರಿವಿನ ಗೆರೆ ಹಂಗೇ ಉಳ್ಕೊಂಡಿದೆ, ಕೆಳಗೆ ನೋಡಿದ್ರೆ ಹೊಂಡದ ನೀರು. ನಾನು ವಿಗ್ರಹಕ್ಕಿಂತ ಕಂಬಾನೇ ಜಾಸ್ತಿ ನೋಡಿದೆ ಅನ್ಸುತ್ತೆ.

ಕೆಳಗಿಳಿದು ಹೊಂಡದ ದಂಡೆಗೆ ಬಂದ್ರೆ ಅದೇ ಬೇರೆ ಲೋಕ. ಮೆಟ್ಟಿಲ ಉದ್ದಕ್ಕೂ ಹೆಂಗಸರು ಬಟ್ಟೆ ಒಗೀತಿದ್ರು. ಕಲ್ಲಿಗೆ ಬಟ್ಟೆ ಬಡಿದ್ರೆ ಧಪ್ ಅನ್ನುತ್ತೆ, ಒಂದ್ ಕ್ಷಣ ಬಿಟ್ಟು ಎದುರು ಗುಡ್ಡದಿಂದ ಇನ್ನೊಂದು ಧಪ್ ವಾಪಸ್ ಬರುತ್ತೆ, ಹತ್ತು ಜನ ಒಟ್ಟಿಗೆ ಬಡೀತಿದ್ರೆ ಯಾವುದು ಬಟ್ಟೆದು ಯಾವುದು ಗುಡ್ಡದ್ದು ಗೊತ್ತೇ ಆಗಲ್ಲ. ಒಬ್ರು ಕೇಳಿದ್ರು, "ಎಲ್ಲಿಂದ ಬಂದಿಯವ್ವಾ? ಒಬ್ಬಾಕೇನ?" ಹೂಂ ಅಂದೆ. "ಮನ್ಯಾಗ ಹ್ಯಾಂಗ ಬಿಟ್ರು?" ಅಂತ ಪಕ್ಕದೋರು. ನಾನು ಮಾತು ತಿರುಗಿಸೋಕೆ, ಅಕ್ಕಾ ಇಲ್ಲಿ ಅರಭಟ್ಟನ ಶಾಸನ ಎಲ್ಲಿದೆ ಅಂದೆ.

"ಯಾ ಭಟ್ಟರು?"

"ಅರಭಟ್ಟ ಅಕ್ಕಾ."

"ಭಟ್ಟರ ಮನಿ ಊರಾಗ ಐತಿ ನೋಡವ್ವಾ, ಇಲ್ಯಾಕ ಬರ್ತಾರ ಅವ್ರು?"

ಎಲ್ರೂ ನಕ್ರು, ನಾನೂ ನಕ್ಕೆ. ಆಮೇಲೆ ಅವರಲ್ಲೇ ಒಬ್ರು ಉತ್ತರದ ಕಡೆ ಕೈ ತೋರಿಸಿ, ತಟ್ಟುಕೋಟಿ ಕಡೆ ಬಂಡಿ ಮ್ಯಾಲ ಏನೋ ಬರದಾರ ನೋಡು ಅಂದ್ರು, ಅಷ್ಟು ಸಾಕಾಯ್ತು ನಂಗೆ.

ದಾರೀಲಿ ಮ್ಯೂಸಿಯಂ, ಒಳಗೆ ಲಜ್ಜಾಗೌರಿ ವಿಗ್ರಹ ನೋಡ್ದೆ, ಮುಖ ಇರೋ ಕಡೆ ಕಮಲ. ಮ್ಯೂಸಿಯಂ ಹಿಂದಿಂದ ಎರಡು ಬಂಡೆ ಸೀಳಿನ ಮಧ್ಯೆ ಮೆಟ್ಟಿಲು, ಆ ಸೀಳಲ್ಲಿ ಬಿಸಿಲು ಬೀಳಲ್ಲ, ತಣ್ಣಗೆ ಬಾವಿ ಒಳಗೆ ನಿಂತಂಗೆ. ಮೇಲೆ ಹತ್ತಿದ್ರೆ ಶಿವಾಲಯ, ಕಣಜ, ಕೋಟೆ ಗೋಡೆ. ಒಂದನೇ ಪುಲಕೇಶಿ 543ರಲ್ಲಿ ಈ ಕೋಟೆ ಕಟ್ಟಿಸಿದ್ದನ್ನ ಇದೇ ಗುಡ್ಡದ ಬಂಡೆ ಮೇಲೆ ಬರೆಸಿದಾನೆ, ನೂರು ವರ್ಷ ಕಳೀತಿದ್ದಂಗೆ 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಊರು ಹಿಡಿದು ತನ್ನ ಶಾಸನಾನೂ ಇಲ್ಲೇ ಕೆತ್ತಿಸಿಬಿಟ್ಟ. ಗೆದ್ದೋನಿಗೂ ಇದೇ ಕಲ್ಲೇ ಬೇಕಾಯ್ತು. ಮೇಲಿಂದ ಹೊಂಡ ಪೂರ್ತಿ ಕಾಣುತ್ತೆ, ಭೂತನಾಥ ಗುಡಿ ಬೆಂಕಿಪೊಟ್ಟಣದಷ್ಟು.

ಭೂತನಾಥಕ್ಕೆ ದಂಡೆ ಮೇಲೇ ನಡ್ಕೊಂಡು ಹೋಗ್ಬೇಕು. ಮಳೆ ಬಂದು ನಾಲ್ಕು ದಿನ ಆಗಿತ್ತಂತೆ, ಅಕ್ಕ ತಂಗಿ ಜಲಪಾತ ಎರಡು ದಾರದಷ್ಟು ಇಳೀತಿತ್ತು. ಗುಡಿ ಒಳಭಾಗ ಬಾದಾಮಿ ಚಾಲುಕ್ಯರದ್ದು, ಮುಂದಿನ ಮಂಟಪ ಆಮೇಲೆ ಕಲ್ಯಾಣದ ಚಾಲುಕ್ಯರ ಕಾಲದ್ದು, ಆ ಮಂಟಪದ ಅಂಚಲ್ಲಿ ಕಾಲು ಇಳಿಬಿಟ್ಕೊಂಡು ಕೂತ್ರೆ ಕೆಳಗೆ ನೀರು. ಒಂದ್ ಕಡ್ಡಿ ಹುಳ ನನ್ ಶೂ ಮೇಲೆ ಹತ್ತಿ, ಲೇಸ್ ಸುತ್ತ ಸುತ್ತಿ, ಏನೂ ಇಲ್ಲ ಅಂತ ಗೊತ್ತಾಗಿ ಇಳಿದು ಹೋಯ್ತು. ಮುಕ್ಕಾಲು ಗಂಟೆ ಅಲ್ಲೇ ಇದ್ದೆ, ಅಷ್ಟೊತ್ತಿಗೆ ಬಂದ ಟೂರಿಸ್ಟು ಆರೇ ಜನ, ಗುಹೆ ಹತ್ರ ಬಸ್ಸುಗಟ್ಲೆ ಇದ್ರು.

ಶಾಸನ ಮಾತ್ರ ಸಿಕ್ತಿಲ್ಲ. ಎರಡು ಸಲ ತಪ್ಪು ದಾರಿ ಹಿಡ್ದೆ, ಮುಳ್ಳಿನ ಗಿಡಕ್ಕೆ ದುಪಟ್ಟಾ ಸಿಕ್ಕಿ ಹರೀತು. ಕೊನೆಗೆ ಆಡು ಮೇಯಿಸ್ತಿದ್ದ ಒಬ್ಬ ಹುಡುಗ ಸಿಕ್ಕ, ಏಳನೇ ಕ್ಲಾಸಂತೆ. ಅವನಿಗೆ ಅರಭಟ್ಟ ಅಂದ ತಕ್ಷಣ ಗೊತ್ತಾಯ್ತು! "ಕಪ್ಪಿ ಶಾಸನ ಏನ್ರಿ ಅಕ್ಕಾರ, ಬರ್ರಿ" ಅಂತ ಆಡು ಬಿಟ್ಟು ಮುಂದೆ ನಡ್ದ. ಬಂಡೆ ಮೇಲೆ ಹತ್ತು ಸಾಲು. ಅಷ್ಟೇ. ಸುತ್ತ ಯಾರೂ ಇಲ್ಲ.

ಓದೋಕೆ ಬರುತ್ತೆ ಅಂದ್ಕೊಂಡಿದ್ದೆ ಪೆದ್ದಿ ತರ, ಆಗಿನ ಲಿಪಿ ಬೇರೆ, ಒಂದಕ್ಷರಾನೂ ಸರಿಯಾಗಿ ಹಿಡಿಯೋಕಾಗ್ಲಿಲ್ಲ. ಫೋನಲ್ಲಿ ಪಾಠ ಸೇವ್ ಮಾಡ್ಕೊಂಡು ಹೋಗಿದ್ದೆ, ಅದನ್ನ ನೋಡ್ಕೊಂಡು ಜೋರಾಗಿ ಓದ್ದೆ. ಒಳ್ಳೇರಿಗೆ ಒಳ್ಳೇನು, ಮಧುರವಾಗಿರೋರಿಗೆ ಮಧುರ, ಕಾಟ ಕೊಡೋ ಕಲಿಗೆ ಮಾತ್ರ ಕಲಿಯುಗ ವಿಪರೀತ, ಸಾಕ್ಷಾತ್ ಮಾಧವ ಇವನು ಅಂತ. ಕೊನೆ ಪದ್ಯ ಇನ್ನೂ ಚೆಂದ, ಕಟ್ಟಿಹಾಕಿದ ಸಿಂಹನ "ನಮಗೇನು ಹೋಗೋದು" ಅಂತ ಬಿಚ್ಚಿ ಬಿಟ್ಟಂಗೆ, ಇವನನ್ನ ಕೆಣಕಿದೋರು ಕೆಟ್ರು, ಸತ್ರು ಅಂತ. ಹುಡುಗ ಕೇಳಿದ, "ಅಂವ ರಾಜ ಏನ್ರಿ?" ರಾಜ ಅಂತ ಶಾಸನ ಹೇಳಲ್ಲ ಕಣೋ ಅಂದೆ. "ಮತ್ತ ಯಾಕ ಬರದ್ರು?" ಅಂದ. ನನ್ ಹತ್ರ ಉತ್ತರ ಇರ್ಲಿಲ್ಲ, ಅವನ ಆಡು ಬೇರೆ ಅಷ್ಟೊತ್ತಿಗೆ ಯಾರದ್ದೋ ಹೊಲಕ್ಕೆ ನುಗ್ಗಿತ್ತು, ಓಡ್ದ.

ಮಧ್ಯಾಹ್ನ ಹೊಟ್ಟೆ ತಾಳ ಹಾಕ್ತಿತ್ತು, ಬೆಳಗಿನ ಬಿಸ್ಕೆಟ್ ಮಂಗನ ಪಾಲಾಗಿತ್ತಲ್ಲ. ಟಂಟಂ ಹಿಡಿದು ಬನಶಂಕರಿಗೆ ಹೋದೆ, ಅಲ್ಲಿ ಗುಡಿ ಮುಂದೆ ಅಜ್ಜಿಯರು ಬುಟ್ಟಿ ಇಟ್ಕೊಂಡು ರೊಟ್ಟಿ ಮಾರ್ತಾರೆ ಅಂತ ಕೇಳಿದ್ದೆ, ನಿಜ. ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೇಲಿ ಮೊಸರು. ಮೊಸರು ಎಷ್ಟು ಗಟ್ಟಿ ಅಂದ್ರೆ ಕುಡಿಕೆ ತಲೆಕೆಳಗು ಮಾಡಿ ತೋರಿಸಿದ್ರು, ಬೀಳ್ಲಿಲ್ಲ. ಮೂರನೇ ರೊಟ್ಟಿ ಮುಗಿಯೋ ಹೊತ್ತಿಗೆ ಸಾಕಜ್ಜಿ ಅಂದೆ, "ಪ್ಯಾಟಿ ಹುಡುಗ್ಯಾರು ಗುಬ್ಬಿ ತಿಂದಂಗ ತಿಂತೀರಿ" ಅಂತ ನಾಲ್ಕನೇದು ಹಾಕೇಬಿಟ್ರು.

ಇದೇ ಊರಲ್ಲಿ ತಾನೆ ವಾತಾಪಿ ಅನ್ನೋ ರಾಕ್ಷಸ ಆಡಾಗಿ ಅಗಸ್ತ್ಯರ ಹೊಟ್ಟೆಗೆ ಹೋಗಿದ್ದು. ತಿಂದು ಮುಗಿಸಿ ಹೊಟ್ಟೆ ಮೇಲೆ ಕೈಯಾಡಿಸ್ಕೊಂಡು ನಾನು ಚಿಕ್ಕೋಳಿದ್ದಾಗ ನಮ್ಮಮ್ಮ ನಂಗೆ ಹೇಳ್ತಿದ್ದಂಗೆ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಅಂದೆ. ಅಜ್ಜಿ ಬುಟ್ಟಿ ಮುಚ್ಚೋದು ಬಿಟ್ಟು ನಗೋಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ಸರಿಯಾಗಿ ಅಮ್ಮನ ಫೋನು, ರೂಮ್‌ಮೇಟ್‌ಗೆ ಕೊಡು ಮಾತಾಡ್ಬೇಕು ಅಂತ. ಅಜ್ಜಿ ಕಡೆ ನೋಡ್ದೆ, ಅವ್ರು ಕೈ ಚಾಚಿ "ತಾ ಇಲ್ಲಿ" ಅಂದ್ರು.