ನಾಲ್ಕು ಗಂಟೆಗೆ ಬಾರದ ಹೆಬ್ಬಾತುಗಳು

ಮೂರು ದಿನ ಬೆಳಗಿನ ಜಾವ ನಾಲ್ಕಕ್ಕೆ ಒಂದು ಜೀಪು ನನ್ನ ಚಾರ್ಟ್ ನಂಬಿಕೊಂಡು ರನ್‌ವೇ ಪಕ್ಕ ಹೋಗಿ ನಿಂತಿತ್ತು. ಒಂದು ಹಕ್ಕಿಯೂ ಬರಲಿಲ್ಲ. ನಾಲ್ಕನೇ ದಿನ ಆ ಜೀಪಿನವನು ನೇರ ನನ್ನ ಮೇಜಿಗೇ ಬಂದ.

ಜಾಗ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣ. ನಾನು ನಿಲ್ದಾಣದ ನೌಕರನಲ್ಲ. ಹಕ್ಕಿಗಳ ಓಡಾಟದ ಡೇಟಾ ನೋಡುವ ಒಂದು ಸಣ್ಣ ಕಂಪನಿಯಲ್ಲಿ ಇದ್ದೇನೆ. ಊರು ಗದಗ ಜಿಲ್ಲೆಯಲ್ಲಿ, ಮಾಗಡಿ ಕೆರೆಗೆ ಸೈಕಲ್ ತುಳಿದುಕೊಂಡು ಹೋಗುವಷ್ಟು ಹತ್ತಿರ. ಕೆಲಸ ಏನು ಅಂತ ಮನೆಯಲ್ಲಿ ಹೇಳಿದಾಗ ಚಿಕ್ಕಪ್ಪ ನಕ್ಕಿದ್ದ. "ಅಷ್ಟು ದೂರ ಹೋಗಿ ಹಕ್ಕಿ ಕಾಯೋ ಕೆಲಸಾನ?" ಜೋಳ ತೆನೆ ಕಟ್ಟುವಾಗ ಮಂಚಿಕೆ ಹತ್ತಿ ಕವಣೆ ಬೀಸಿದವನು ನಾನು. ಅವನ ಮಾತು ಸುಳ್ಳೇನಲ್ಲ.

ಇಲ್ಲಿ ಕಾಯಬೇಕಾದ ಹಕ್ಕಿ ಬೂದು ಹೆಬ್ಬಾತು. ಡಚ್ಚರು ಹೆಬ್ಬಾತಿಗೆ 'ಗಾನ್ಸ್' ಅನ್ನುತ್ತಾರೆ, 'ಗ' ಮಾತ್ರ ಗಂಟಲಿನ ತಳದಿಂದ ಬರಬೇಕು. ನಮ್ಮ 'ಹಂಸ'ಕ್ಕೂ ಇದಕ್ಕೂ ಮೂಲ ಒಂದೇ. ಹೆಸರೇನೋ ಚೆಂದ. ಆದರೆ ಬಲಿತ ಹಕ್ಕಿ ಮೂರು ನಾಲ್ಕು ಕಿಲೊ ತೂಗುತ್ತದೆ, ಹಾರುವುದು ಹಿಂಡಿನಲ್ಲಿ. ದೊಡ್ಡ ವಿಮಾನದ ಮುಂದಿನ ಗಾಜು ತಡೆಯಬೇಕು ಅಂತ ನಿಯಮ ಹೇಳುವುದು 1.8 ಕಿಲೊ ತೂಕದ ಒಂದು ಹಕ್ಕಿಯನ್ನು. ಲೆಕ್ಕ ನೀವೇ ಹಾಕಿ. 2010ರ ಜೂನ್ 6ರಂದು ಇಲ್ಲಿಂದ ಮೇಲೆದ್ದ ಮೊರಾಕೊದ ಒಂದು ಬೋಯಿಂಗ್ 737 ಕೆನಡಾ ಹೆಬ್ಬಾತುಗಳ ಹಿಂಡಿಗೆ ಡಿಕ್ಕಿಯಾಗಿ, ಒಂದು ಇಂಜಿನ್ ಹಾಳಾಗಿ, ಹೇಗೋ ತಿರುಗಿ ಬಂದು ಇಳಿಯಿತು.

ಈಗ ಜೀಪಿನವನ ವಿಷಯ. ಅವನು ಬರ್ಡ್ ಕಂಟ್ರೋಲರ್, ಅಂದರೆ ವಿಮಾನದ ದಾರಿಯಿಂದ ಹಕ್ಕಿ ಓಡಿಸುವವನು. ದಿನದ 24 ತಾಸೂ ಪಾಳಿ ಮೇಲೆ ರನ್‌ವೇ ಸುತ್ತುವವರಲ್ಲಿ ಒಬ್ಬ. ಜಗಳ ಆಡಲಿಲ್ಲ. ನನ್ನ ಪರದೆ ಮೇಲೆ ಬೆರಳಿಟ್ಟು ಕೇಳಿದ:

"ನಾಲ್ಕಕ್ಕೆ ಹೊರಗೆ ಗವ್ ಅನ್ನೋ ಕತ್ತಲು. ಹೆಬ್ಬಾತು ಇನ್ನೂ ನೀರಲ್ಲೇ ಇರ್ತವೆ. ನಿನ್ನ ಚಾರ್ಟಲ್ಲಿ ಹಾರ್ತಾ ಇರೋದು ಯಾರು?"

ಉತ್ತರ ಹುಡುಕೋಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ನಮ್ಮ ಡೇಟಾ ಬರುವುದು ಹಕ್ಕಿಗಳನ್ನು ಚುಕ್ಕೆಗಳಾಗಿ ತೋರಿಸುವ ರೇಡಾರಿನಿಂದ. ಅದು ಪ್ರತಿ ಚುಕ್ಕೆಗೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆಯುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಯುಟಿಸಿಗಿಂತ ಎರಡು ತಾಸು ಮುಂದೆ. ನಾನು ಆ ಎರಡು ತಾಸು ಕೂಡಿಸಿರಲಿಲ್ಲ. ಆರು ಗಂಟೆಯ ಹೆಬ್ಬಾತುಗಳು ನನ್ನ ಚಾರ್ಟಿನಲ್ಲಿ ನಾಲ್ಕಕ್ಕೇ ಎದ್ದುಬಿಟ್ಟಿದ್ದವು. ಜೀಪು ಕಾದು ಬೇಸತ್ತು ಬೇರೆ ಕಡೆ ಹೋದ ಮೇಲೆ ನಿಜವಾದ ಹಿಂಡು ಆರಾಮಾಗಿ ದಾಟಿಕೊಂಡು ಹೋಗಿತ್ತು. ಏನೂ ಅನಾಹುತ ಆಗಲಿಲ್ಲ. ಅದು ನನ್ನ ಪುಣ್ಯ, ಬುದ್ಧಿವಂತಿಕೆ ಅಲ್ಲ.

ನಾಚಿಕೆ ಆಗಿದ್ದು ತಪ್ಪಿಗಲ್ಲ. ಆ ಕೋಡನ್ನು ನನ್ನ ಜೊತೆ ಇನ್ನಿಬ್ಬರು ನೋಡಿ ಸರಿ ಅಂದಿದ್ದರು. ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಇದೇ ತಪ್ಪು ನಮ್ಮ ದೇಶದಲ್ಲಿ ಮಾಡಿದ್ದರೆ ಐದೂವರೆ ತಾಸಿನ ವ್ಯತ್ಯಾಸ, ಮಧ್ಯರಾತ್ರಿ ದಾಟುತ್ತಲೇ ಹಿಂಡು ಹಾರಿದ ಹಾಗೆ ಕಾಣಿಸಿ ತಕ್ಷಣ ಸಿಕ್ಕಿಬೀಳುತ್ತಿದ್ದೆ. ಎರಡು ತಾಸಿನ ತಪ್ಪು ಮೋಸದ್ದು, ನಂಬುವ ಹಾಗೇ ಇರುತ್ತದೆ.

ಮರುದಿನ ಅವನೇ ಕರೆದ. "ಬಾ, ನಿನ್ನ ಚುಕ್ಕೆಗಳನ್ನ ತೋರಿಸ್ತೀನಿ."

ಸ್ಕಿಪೋಲ್ ಇರುವುದು ಹಾರ್ಲೆಮರ್‌ಮೀರ್ ಎಂಬಲ್ಲಿ. ಮೊದಲು ಅದು ದೊಡ್ಡ ಸರೋವರ. 1852ರ ಹೊತ್ತಿಗೆ ನೀರೆಲ್ಲ ಎತ್ತಿ ಹಾಕಿ ಹೊಲ ಮಾಡಿದರು. ಹಾಗಾಗಿ ರನ್‌ವೇಗಳ ಆಚೆ ಈಚೆ ಗೋಧಿ ಬೆಳೆಯುತ್ತದೆ, ಸುತ್ತಮುತ್ತ ಕೆರೆಗಳೂ ಇವೆ. ಹೆಬ್ಬಾತಿಗೆ ರಾತ್ರಿ ಮಲಗಲು ನೀರು ಬೇಕು, ಹಗಲು ಮೇಯಲು ಹೊಲ ಬೇಕು. ಎರಡರ ನಡುವೆ ರನ್‌ವೇ ಬಂದರೆ ಅದರ ತಪ್ಪೇನು?

ಆಗಷ್ಟೇ ಕೊಯ್ಲಾದ ಗೋಧಿ ಹೊಲದ ಬದುವಿನಲ್ಲಿ ಜೀಪು ನಿಂತಿತು. ಅವನು ಇಳಿದು, ಕುಕ್ಕರಗಾಲಲ್ಲಿ ಕೂತು, ಕೂಳೆ ಸರಿಸಿ ನೆಲ ತೋರಿಸಿದ. ಮಶೀನು ಎಷ್ಟೇ ಚೆನ್ನಾಗಿ ಕೊಯ್ದರೂ ಕಾಳು ಉದುರುತ್ತದಲ್ವಾ? ಅಂಗೈ ಅಗಲದ ಜಾಗದಲ್ಲಿ ಹನ್ನೊಂದು ಕಾಳು ಎಣಿಸಿದೆ. ಅಷ್ಟರಲ್ಲಿ ಸದ್ದು ಕೇಳಿಸಿತು. ಮೊದಲು ಸದ್ದು, ಆಮೇಲೆ ಹಿಂಡು. ಮೂವತ್ತು ನಲವತ್ತು ಇರಬಹುದು. ರೆಕ್ಕೆ ಬಿಗಿ ಹಿಡಿದು, ಕಾಲು ಮುಂದೆ ಚಾಚಿ, ವಿಮಾನದ ಹಾಗೇ ಇಳಿದವು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ತಲೆ ಬಗ್ಗಿಸಿ ಮೇಯಲು ಶುರು.

ಒಂದು ತಿಂಗಳಿಂದ ನಾನು ಇವುಗಳ ವೇಗ, ಎತ್ತರ, ದಿಕ್ಕು ಎಲ್ಲ ಅಳೆಯುತ್ತಿದ್ದೆ. ಎಲ್ಲಿಗೆ, ಯಾಕೆ ಹೋಗುತ್ತವೆ ಅನ್ನೋದನ್ನ ಬಿಟ್ಟು.

ರೇಡಾರಿಗೆ ಎಲ್ಲರೂ ಕಾಣುತ್ತಾರೆ, ಗುರುತು ಯಾರದ್ದೂ ಇಲ್ಲ. ಜೋರು ಮಳೆಯೂ ಹೆದ್ದಾರಿಯ ಲಾರಿಯೂ ಒಮ್ಮೊಮ್ಮೆ ಹಕ್ಕಿಯೇ ಆಗಿಬಿಡುತ್ತವೆ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರೆ ಒಂದು ಹೆಬ್ಬಾತಿನ ಇಡೀ ದಿನಚರಿ ಸಿಗುತ್ತದೆ. ಯಾವ ಕೆರೆ, ಯಾವ ಹೊಲ, ಎಷ್ಟು ಹೊತ್ತು, ಎಲ್ಲ. ಆದರೆ ಅದು ಒಂದರ ಕತೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಅದರ ಮೇಲೆ ಮೂರನೆಯದಾಗಿ ಕೊಯ್ಲಿನ ದಿನ ಇಡಬೇಕು ಅನ್ನುವುದು ನನಗೆ ಆ ಬದುವಿನಲ್ಲಿ ಹೊಳೆಯಿತು.

ಇಲ್ಲಿನವರಿಗೆ ಇದು ಹಳೇ ವಿಷಯ. ನಿಲ್ದಾಣದ ಸುತ್ತಲಿನ ರೈತರು ಕೊಯ್ದ ಕೂಡಲೇ ಕೂಳೆ ಉತ್ತು ಕಾಳು ಮಣ್ಣಿಗೆ ಸೇರಿಸಿದರೆ ಅವರಿಗೆ ಹಣ ಕೊಡುವ ವ್ಯವಸ್ಥೆ ಮೊದಲಿಂದ ಇದೆ. ಕೆಲವು ಕಡೆ ಇಲ್ಲಿನವರು ಆನೆಹುಲ್ಲು ಅನ್ನುವ ಮಿಸ್ಕಾಂಥಸ್ ಬೆಳೆಸಿದ್ದಾರೆ. ಆ ಎತ್ತರದ ದಟ್ಟ ಹುಲ್ಲಿನಲ್ಲಿ ಹೆಬ್ಬಾತು ಇಳಿಯುವುದಿಲ್ಲ. ಇನ್ನೊಂದು ದಾರಿಯೂ ಇದೆ. ಬೇಸಿಗೆಯಲ್ಲಿ ರೆಕ್ಕೆಯ ಗರಿ ಉದುರಿ ಕೆಲವು ವಾರ ಅವು ಹಾರಲಾರವು. ಆಗ ಹಿಂಡು ಹಿಂಡಾಗಿ ಕೂಡಿಹಾಕಿ ಗ್ಯಾಸ್ ಬಿಟ್ಟು ಕೊಲ್ಲುತ್ತಾರೆ. ಯಾಕೆ ಅನ್ನೋದು ಗೊತ್ತು. ಆದರೂ ಮೊದಲ ಸಲ ಕೇಳಿದ ದಿನ ಊಟ ಸೇರಲಿಲ್ಲ. ಉಳುಮೆ ಸರಿಯಾದ ದಿನ ಆದರೆ ಆ ಕೆಲಸ ಅಷ್ಟಾದರೂ ಕಡಿಮೆ ಆಗಲಿ ಅಂತ ನನ್ನ ಆಸೆ.

ಯಾವ ಹೆಬ್ಬಾತು ಅನ್ನುವ ಪ್ರಶ್ನೆಯೂ ಸಣ್ಣದಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಎದ್ದ ವಿಮಾನ ಎರಡೂ ಇಂಜಿನ್ ಕಳೆದುಕೊಂಡು ಹಡ್ಸನ್ ನದಿಯಲ್ಲಿ ಇಳಿದದ್ದು ಎಲ್ಲರಿಗೂ ಗೊತ್ತು, 155 ಜನರೂ ಬದುಕಿದರು. ಆಮೇಲೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಇಂಜಿನ್ನಿನಲ್ಲಿ ಸಿಕ್ಕ ಗರಿಯ ಚೂರುಗಳನ್ನು ಪರೀಕ್ಷೆ ಮಾಡಿದರು. ಗರಿ ಬೆಳೆದ ಊರಿನ ನೀರಿನ ಗುರುತು ಅದರ ಹೈಡ್ರೋಜನ್‌ನಲ್ಲಿ ಉಳಿದಿರುತ್ತದೆ. ಅವು ನ್ಯೂಯಾರ್ಕಿನ ಪಾರ್ಕುಗಳಲ್ಲಿ ಬೀಡುಬಿಟ್ಟ ಕೆನಡಾ ಹೆಬ್ಬಾತುಗಳಲ್ಲ, ಕೆನಡಾದ ಲ್ಯಾಬ್ರಡಾರ್ ಕಡೆಯಿಂದ ಬಂದ ವಲಸೆಯವು ಅಂತ ಗೊತ್ತಾಯಿತು. ಪಾರ್ಕಿನಲ್ಲಿರುವುದನ್ನು ಓಡಿಸಬಹುದು. ದಾರಿಹೋಕ ಹಿಂಡಿಗೆ ಬರುವ ಮೊದಲೇ ಗೊತ್ತಾಗುವ ರೇಡಾರ್ ಬೇಕು.

ಈಗ ನಮ್ಮ ಚಾರ್ಟಿನಲ್ಲಿ ಗಡಿಯಾರದ ಗಂಟೆಯೇ ಇಲ್ಲ. 'ಸೂರ್ಯ ಹುಟ್ಟಿ ಇಷ್ಟು ನಿಮಿಷ' ಅಂತ ಇದೆ. ಪಕ್ಕದಲ್ಲಿ ಯಾವ ಹೊಲ ಯಾವತ್ತು ಕೊಯ್ದರು, ಉಳುಮೆ ಆಯಿತಾ ಇಲ್ವಾ ಅನ್ನುವ ಕಾಲಂ. ಅದನ್ನು ತುಂಬುವುದು ನಾನಲ್ಲ, ಜೀಪಿನವನು.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಶೇಂಗಾ, ಕಡಲೆ ಹೊಲಕ್ಕೆ ಇಳಿಯುತ್ತವೆ. ಅವನ್ನು ಊರವರು ಉಳಿಸಿಕೊಂಡು ಬಂದಿದ್ದಾರೆ, 2024ರಲ್ಲಿ ಆ ಕೆರೆಗೆ ರಾಮ್ಸಾರ್, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆಯೂ ಸಿಕ್ಕಿತು.

"ಕೂಳಿ ಹರಗಾಕ ರೊಕ್ಕಾ ಕೊಡ್ತಾರ? ಹಕ್ಕಿ ಬರಬಾರದಂತ?" ಅಪ್ಪನಿಗೆ ನಂಬಿಕೆಯೇ ಬರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಅಲ್ಲೋ ತಮ್ಮಾ, ಅಲ್ಲಿ ಅವು ಎಷ್ಟಕ್ಕ ಏಳ್ತಾವು?"

"ಹೊತ್ತು ಹುಟ್ಟಿದ ಮ್ಯಾಲಪ್ಪ."

"ಇಲ್ಲೂ ಅಷ್ಟ" ಅಂದ.