ಸಾಕ್ಷಿಯಿಲ್ಲದ ಶೌರ್ಯಕ್ಕೆ ಅಂಕವಿಲ್ಲ: ನಮ್ಮ 1274ರ ಗೇಮ್‌ನ ಪ್ರಗತಿ

ಜೂನ್

ಗೇಮ್ ನಡೆಯುವ ಸ್ಥಳವನ್ನು ಬದಲಾಯಿಸಿದ್ದೇವೆ. ತ್ಸುಶಿಮಾ ದ್ವೀಪದ ಕೊಮೊದಾ ಕಡಲತೀರದಲ್ಲಿ ನಡೆಯಬೇಕಿದ್ದ ಮೊದಲ ಲೆವೆಲ್ ಇನ್ನು ಕ್ಯೂಶೂವಿನ ಹಕಾತಾ ಕೊಲ್ಲಿಯಲ್ಲಿ ನಡೆಯುತ್ತದೆ. ಯುದ್ಧ ಮಾತ್ರ ಅದೇ: 1274ರಲ್ಲಿ ಮಂಗೋಲರ ಯುವಾನ್ ಸಾಮ್ರಾಜ್ಯವೂ ಕೊರಿಯಾದ ಗೊರ್ಯೊ ರಾಜ್ಯವೂ ಕೂಡಿ ಜಪಾನಿನ ಮೇಲೆ ನಡೆಸಿದ ಮೊದಲ ದಾಳಿ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ಇದು ಗೋಡೋ ಎಂಬ ಗೇಮ್ ಕಟ್ಟುವ ತಂತ್ರಾಂಶದಲ್ಲಿ ರಜಾದಿನಗಳಲ್ಲಿ ಕಟ್ಟುತ್ತಿರುವ ಸಣ್ಣ ಟೂ-ಡಿ ಗೇಮ್, ಕೋಡ್ ನನ್ನದು, ಚಿತ್ರಗಳೆಲ್ಲ ತಂಗಿಯವು.

ತಂಗಿಗೆ ಈ ಬದಲಾವಣೆ ಒಪ್ಪಿಗೆಯಾಗಿರಲಿಲ್ಲ. 2020ರಲ್ಲಿ ಇದೇ ದಾಳಿಯನ್ನು ಕುರಿತ ಘೋಸ್ಟ್ ಆಫ್ ತ್ಸುಶಿಮಾ ಎಂಬ ಗೇಮ್ ಬಂದ ಮೇಲೆ ಆ ದ್ವೀಪದ ಹೆಸರು ಗೇಮ್ ಆಡುವವರಿಗೆಲ್ಲ ಪರಿಚಿತವಾಗಿದೆ, ಹಕಾತಾ ಎಂದರೆ ಯಾರು ತಿರುಗಿ ನೋಡುತ್ತಾರೆ ಎಂಬುದು ಅವಳ ಪ್ರಶ್ನೆ. ನನ್ನ ತೊಡಕು ಆಧಾರದ್ದು. ದ್ವೀಪದ ಅಧಿಕಾರಿ ಸೋ ಸುಕೆಕುನಿ ಸುಮಾರು 80 ಸವಾರರೊಂದಿಗೆ ಕೊಮೊದಾದಲ್ಲಿ ಎದುರು ನಿಂತು ಮಡಿದನೆಂಬ ಸಂಗತಿಯನ್ನು ಬಿಟ್ಟರೆ, ಅಲ್ಲಿ ಒಬ್ಬೊಬ್ಬ ಯೋಧ ಹೇಗೆ ಕಾದಾಡಿದ, ಏನು ಯೋಚಿಸಿದ ಎಂದು ತಿಳಿಯಲು ಹೆಚ್ಚೇನೂ ಉಳಿದಿಲ್ಲ. ಹಕಾತಾದ ಕಾಳಗಕ್ಕಾದರೋ ಅದರಲ್ಲಿ ಪಾಲ್ಗೊಂಡವನೇ ಮಾಡಿಸಿಟ್ಟ ದಾಖಲೆಯಿದೆ. ಹಿಗೋ ಪ್ರಾಂತ್ಯದ ತಕೆಝಾಕಿ ಸುಎನಾಗಾ ಎಂಬ ದೊಡ್ಡ ಹುದ್ದೆಯೇನೂ ಇಲ್ಲದ ಯೋಧ ತಾನು ಕಂಡ ಯುದ್ಧವನ್ನು ಚಿತ್ರಸುರುಳಿಗಳಲ್ಲಿ ಬರೆಸಿಟ್ಟಿದ್ದಾನೆ. 1293ರ ಕಾಲಸೂಚನೆ ಹೊತ್ತ ಈ ಸುರುಳಿಗಳು 2021ರಲ್ಲಿ ಜಪಾನಿನ ರಾಷ್ಟ್ರೀಯ ನಿಧಿಗಳ ಸಾಲಿಗೆ ಸೇರಿದವು.

ಘೋಸ್ಟ್ ಆಫ್ ತ್ಸುಶಿಮಾದ ಆರಂಭದ ದೃಶ್ಯವನ್ನು ಆಡಿದವರು ಮರೆತಿರಲಾರರು. ಅದಾಚಿ ಎಂಬ ಸರದಾರ ಒಬ್ಬನೇ ಮುಂದೆ ಬಂದು, ಹೆಸರು ಹೇಳಿ, ದ್ವಂದ್ವಕ್ಕೆ ಕರೆಯುತ್ತಾನೆ. ಮಂಗೋಲ್ ನಾಯಕ ಅವನ ಮೇಲೆ ಮದ್ಯ ಎರಚಿ ಬೆಂಕಿ ಇಟ್ಟು ಕೊಲ್ಲುತ್ತಾನೆ. ಹೆಸರು ಸಾರಿ ಒಂಟಿಯಾಗಿ ನುಗ್ಗುವ ಜಪಾನೀಯರನ್ನು ಮಂಗೋಲರು ಗುಂಪಾಗಿ ಸುತ್ತುವರಿದು ಕೊಂದರೆಂಬ ಕಥೆಯ ಮೂಲ ಹಚಿಮಾನ್ ದೇವರ ಮಹಿಮೆಯನ್ನು ಸಾರಲು ಬರೆದ ಒಂದು ದೇಗುಲ ಗ್ರಂಥ. ದೇವರೇ ದೇಶವನ್ನು ಕಾಪಾಡಿದನೆಂದು ಸಾಧಿಸಬೇಕಾದವರಿಗೆ ಯೋಧರು ಕೈಲಾಗದವರಾಗಿ ಕಂಡಷ್ಟೂ ಅನುಕೂಲ. ಸುಎನಾಗಾನ ನಿರೂಪಣೆಯಲ್ಲಿ ಮಂಗೋಲರೊಡನೆ ಇಂಥ ದ್ವಂದ್ವ ಎಲ್ಲಿಯೂ ಇಲ್ಲ. ಅದಾಚಿ ಎಂಬ ಮನೆತನದ ಹೆಸರೇನೋ ನಿಜವಾದದ್ದೇ, ಆದರೆ ಆ ಕಾಲದ ಪ್ರಸಿದ್ಧ ಅದಾಚಿ ಯಾಸುಮೊರಿ ಕಾಮಾಕುರಾದಲ್ಲಿ ನೆಲೆಸಿದ್ದ ಯೋಧರ ಸರ್ಕಾರದ ಪ್ರಭಾವಿ ಅಧಿಕಾರಿ. ನಮ್ಮ ಗೇಮ್‌ಗೆ ಅವನು ಮುಂದೆ ಬರುತ್ತಾನೆ.

ಜುಲೈ

ನಾಯಕನ ಸ್ಪ್ರೈಟ್ (ತೆರೆಯ ಮೇಲೆ ಚಲಿಸುವ ಚಿತ್ರ) ಮುಗಿದಿದೆ, ಜಗಳವೂ ಮುಗಿದಿದೆ. ತಂಗಿ ಮೊದಲು ಬಿಡಿಸಿದವನು ಸೊಂಟಪಟ್ಟಿಗೆ ಕತಾನಾ ಸಿಕ್ಕಿಸಿಕೊಂಡು, ಮೈಗಂಟಿದ ಕವಚ ತೊಟ್ಟು ನಿಂತಿದ್ದ. ಹರಿತದ ಬದಿ ಮೇಲ್ಮುಖವಾಗುವಂತೆ ಸಿಕ್ಕಿಸುವ ಆ ಖಡ್ಗ ರೂಢಿಗೆ ಬಂದದ್ದು ನಂತರದ ಮುರೊಮಾಚಿ ಕಾಲದಲ್ಲಿ, ಅಂಥ ಕವಚ 16ನೆಯ ಶತಮಾನದ್ದು. 1274ರ ಸವಾರನ ಸೊಂಟದಿಂದ ತೂಗುವುದು ಹರಿತ ಕೆಳಮುಖವಾದ ತಾಚಿ ಎಂಬ ಖಡ್ಗ. ಅದೂ ಅವನ ಎರಡನೆಯ ಆಯುಧ, ಮೊದಲನೆಯದು ಬಿಲ್ಲು. “ಅಣ್ಣಾ, ಬಿಲ್ಲು ಹಿಡಿದವನನ್ನು ಯಾರು ಸಮುರಾಯ್ ಅಂತ ಗುರುತಿಸ್ತಾರೆ?” ಎಂದು ಅವಳು ಕೇಳಿದಾಗ, ಇದು ಬರಿಯ ತಕರಾರಲ್ಲ ಎಂದು ನನಗೂ ಅನ್ನಿಸಿತು. ದೊಡ್ಡ ಗೇಮ್‌ಗಳನ್ನು ಕಟ್ಟುವವರೂ ಇದೇ ಪ್ರಶ್ನೆಗೆ ಉತ್ತರವಾಗಿ ಕತಾನಾವನ್ನು ಉಳಿಸಿಕೊಂಡಿರಬೇಕು.

ಉತ್ತರ ಸಿಕ್ಕಿದ್ದು ಕವಚದಲ್ಲೇ. ಓ-ಯೊರೊಯಿ ಎಂಬ ಆ ಕಾಲದ ದೊಡ್ಡ ಕವಚ ಪೆಟ್ಟಿಗೆಯಂತೆ ಚೌಕಾಕಾರವಾಗಿ ಕಾಣುವುದರಿಂದ ಗೇಮ್ ಕಲಾವಿದರಿಗೆ ಹಿಡಿಸುವುದಿಲ್ಲ, ಆದರೆ ಅದರ ಪ್ರತಿ ಭಾಗವೂ ಕುದುರೆಯ ಮೇಲೆ ಕುಳಿತ ಬಿಲ್ಲುಗಾರನಿಗಾಗಿಯೇ ಆದದ್ದು. ಎರಡು ಕೈಗಳೂ ಬಿಲ್ಲಿಗೆ ಬೇಕಾದ್ದರಿಂದ ಗುರಾಣಿ ಹಿಡಿಯಲಾಗದು. ಆ ಕೆಲಸವನ್ನು ಭುಜಗಳಿಂದ ಇಳಿಬಿಟ್ಟ ಅಗಲವಾದ ಹಲಗೆಗಳು ಮಾಡುತ್ತವೆ. ಬಿಲ್ಲಿನ ಹೆದೆ ಕವಚದ ಪಟ್ಟಿಗಳಿಗೆ ಸಿಕ್ಕಿಕೊಳ್ಳದಂತೆ ಎದೆಯ ಮೇಲೆ ನುಣುಪಾದ ತೊಗಲನ್ನು ಹೊದಿಸಿರುತ್ತಾರೆ. ಬಿಲ್ಲು ಎರಡು ಮೀಟರಿಗೂ ಉದ್ದ, ಹಿಡಿ ಮಾತ್ರ ನಡುವಿನಲ್ಲಿರದೆ ಕೆಳಗಿನ ಮೂರನೆಯ ಒಂದು ಭಾಗದ ಹತ್ತಿರವಿದೆ. ಇದನ್ನೆಲ್ಲ ತಂಗಿ ದೊಡ್ಡದಾಗಿ ಬಿಡಿಸಿಕೊಂಡು, ಆಮೇಲೆ ಪಿಕ್ಸೆಲ್‌ಗೆ ಇಳಿಸಿದಳು. ತೊಗಲಿನ ಮೇಲಿನ ಚಿತ್ತಾರ ಆ ಅಳತೆಯಲ್ಲಿ ಒಂದು ಬಣ್ಣದ ಚುಕ್ಕೆಯಷ್ಟೇ ಆಗಿ ಉಳಿದಿದೆ. ಭುಜದ ಹಲಗೆಗಳು ಮಾತ್ರ ಬಾಣ ಬಿಡುವಾಗ ಹಿಂದಕ್ಕೆ ಸರಿಯುವ ಆನಿಮೇಷನ್ ಸೊಗಸಾಗಿ ಬಂದಿದೆ.

ಆಟದ ನಡೆಯೂ ಇಲ್ಲಿಂದಲೇ ಹುಟ್ಟಿತು. ಎಡಗೈಯಲ್ಲಿ ಬಿಲ್ಲು ಹಿಡಿದ ಸವಾರ ತನ್ನ ಎಡಕ್ಕೆ ಸಲೀಸಾಗಿ ಬಾಣ ಬಿಡಬಲ್ಲ, ಬಲಕ್ಕೆ ಹೊರಳುವುದು ಕಷ್ಟ. ಆದ್ದರಿಂದ ನಮ್ಮ ನಾಯಕ ಎಡಬದಿಯ ಅರ್ಧವೃತ್ತದಲ್ಲಿ ಮಾತ್ರ ಗುರಿ ಹಿಡಿಯುತ್ತಾನೆ. ಶತ್ರುವನ್ನು ಎಡಕ್ಕಿಟ್ಟುಕೊಂಡು ಸುತ್ತುವರಿಯುವುದು ಆಡುವವನಿಗೆ ಬಿಟ್ಟ ಕೆಲಸ. ಕುದುರೆಯನ್ನೂ ಗಿಡ್ಡಗೊಳಿಸಿದ್ದೇವೆ. ಕಾಮಾಕುರಾ ಬಳಿ ಅಗೆದು ತೆಗೆದ ಮಧ್ಯಯುಗದ ಕುದುರೆಗಳ ಎಲುಬುಗಳ ಪ್ರಕಾರ ಅವುಗಳ ಭುಜದ ಎತ್ತರ 140 ಸೆಂ.ಮೀ. ದಾಟುತ್ತಿರಲಿಲ್ಲ, ಆದರೆ ಗೇಮ್‌ಗಳಲ್ಲಿ ಓಡುವುದು ರೇಸ್ ಕುದುರೆಗಳು. ಗಿಡ್ಡ ಕುದುರೆಯ ಮೇಲೆ ಪೆಟ್ಟಿಗೆಯಂಥ ಕವಚದವನನ್ನು ಕಂಡು ಟೆಸ್ಟ್ ಆಡಿದವರಲ್ಲಿ ಕೆಲವರಿಗೆ ನಗು ಬಂದಿತು. ಇರಲಿ, ಅದನ್ನು ಬದಲಾಯಿಸುವುದಿಲ್ಲ.

ಅವರಲ್ಲೊಬ್ಬರು ಹಕಾತಾದ ಹೆಸರಾಂತ ಕಲ್ಲುಗೋಡೆ ಎಲ್ಲಿ ಎಂದು ಕೇಳಿದರು. ಕೊಲ್ಲಿಯ ಉದ್ದಕ್ಕೂ ಗೋಡೆ ಎದ್ದದ್ದು 1276ರಲ್ಲಿ, ಎರಡನೆಯ ದಾಳಿಯ ಭಯದಿಂದ. ಸುರುಳಿಯಲ್ಲಿ ಸುಎನಾಗಾ ಆ ಗೋಡೆಯ ಮುಂದೆ ಸಾಗುವ ಚಿತ್ರ 1281ರ ಎರಡನೆಯ ದಾಳಿಯ ಭಾಗಕ್ಕೆ ಸೇರಿದ್ದು. ಸಿಡಿಯುವ ಗುಂಡುಗಳನ್ನು ಮಾತ್ರ ಧೈರ್ಯವಾಗಿ ಇಟ್ಟಿದ್ದೇವೆ: ಸುರುಳಿಯಲ್ಲಿ ಅವುಗಳ ಚಿತ್ರವಿದೆ, ತಕಾಶಿಮಾ ದ್ವೀಪದ ಬಳಿ ಸಮುದ್ರದ ತಳದಲ್ಲಿ ಮಣ್ಣಿನಿಂದ ಮಾಡಿದ ಗುಂಡುಗಳೇ ಸಿಕ್ಕಿವೆ.

ಘೋಸ್ಟ್ ಆಫ್ ತ್ಸುಶಿಮಾದಲ್ಲಿ ನಾಯಕ ಹೈಕು ರಚಿಸುತ್ತಾನೆ, ಆ ಕಾವ್ಯರೂಪ ಬಲಗೊಂಡದ್ದು 17ನೆಯ ಶತಮಾನದ ಕವಿ ಬಾಶೋನ ಕಾಲದಲ್ಲಿ ಎಂದು ಪಟ್ಟಿ ಮಾಡುವುದು ಸುಲಭ. ನಾನೂ ಮಾಡಿದ್ದೇನೆ. ಅಷ್ಟಾದರೂ ಆ ಗೇಮ್‌ನ ಇಬ್ಬರು ನಿರ್ದೇಶಕರನ್ನು ತ್ಸುಶಿಮಾ ನಗರವೇ 2021ರಲ್ಲಿ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಗೌರವಿಸಿತು. 2025ರ ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್ ಎಂಬ ಗೇಮ್ ಸುತ್ತ ಎದ್ದ ಗದ್ದಲ ಇದಕ್ಕೆ ವಿರುದ್ಧವಾದದ್ದು. ಚರ್ಚೆಯ ಬಹುಪಾಲು ಅದರ ನಾಯಕರಲ್ಲೊಬ್ಬನಾದ ಯಾಸುಕೆ ಸಮುರಾಯ್ ಹೌದೋ ಅಲ್ಲವೋ ಎಂಬುದರಲ್ಲೇ ಕಳೆಯಿತು. ಆಫ್ರಿಕಾ ಮೂಲದ ಅವನು 1581ರಲ್ಲಿ ಜಪಾನಿನ ಪ್ರಬಲ ಸೇನಾನಾಯಕ ಓದಾ ನೊಬುನಾಗಾನನ್ನು ಕಂಡದ್ದು, ಅವನ ಸೇವೆಗೆ ಸೇರಿದ್ದು ದಾಖಲಾಗಿರುವ ಸಂಗತಿಗಳು. ನೊಬುನಾಗಾನ ಚರಿತ್ರೆಯ ಒಂದು ಹಸ್ತಪ್ರತಿ ಅವನಿಗೆ ಭತ್ಯೆ, ಮನೆ, ಕಿರುಗತ್ತಿ ಕೊಟ್ಟದ್ದನ್ನೂ ಹೇಳುತ್ತದೆ. ಅದೇ ಗೇಮ್‌ನ ಪ್ರಚಾರ ಚಿತ್ರದಲ್ಲಿ ಸೆಕಿಗಹಾರಾದ ಒಂದು ಐತಿಹಾಸಿಕ ಪ್ರದರ್ಶನ ತಂಡದ ಇಂದಿನ ಬಾವುಟವನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಕಂಪನಿ 2024ರಲ್ಲಿ ಕ್ಷಮೆ ಕೇಳಬೇಕಾಯಿತು. ಚರಿತ್ರೆಯ ನಿಖರತೆಯ ದೃಷ್ಟಿಯಿಂದ ನನಗೆ ಇದು ಹೆಚ್ಚು ಮುಜುಗರದ ಸಂಗತಿಯಾಗಿ ಕಾಣುತ್ತದೆ, ಆದರೆ ಇದರ ಬಗ್ಗೆ ಕೂಗಾಡಿದವರು ಕಡಿಮೆ.

ಸೆಪ್ಟೆಂಬರ್

ಅಂಕ ಕೊಡುವ ವ್ಯವಸ್ಥೆಯನ್ನು ಬುಡದಿಂದ ಬದಲಿಸಿದ್ದೇನೆ. ಖಡ್ಗ, ಕವಚಗಳನ್ನು ಸರಿಪಡಿಸಿದ ಮೇಲೂ ನಮ್ಮ ನಾಯಕ ಶತ್ರುಗಳನ್ನು ಕೊಂದಷ್ಟೂ ಅಂಕ ಗಳಿಸುವ ಯಾವುದೋ ಗೇಮ್‌ನ ಯಾವನೋ ಆಗಿಯೇ ಉಳಿದಿದ್ದ. 13ನೆಯ ಶತಮಾನದ ಬಟ್ಟೆ ತೊಡಿಸಿದರೂ ಅವನ ಆಸೆಗಳು ನಮ್ಮ ಕಾಲದವು.

ಸುರುಳಿಯ ಒಂದು ಘಟನೆ ದಾರಿ ತೋರಿಸಿತು. ಸುಎನಾಗಾನ ಜೊತೆಗಿದ್ದವರು ಸೇರಿ ಒಟ್ಟು ಐದೇ ಸವಾರರು. ಹಿಂದಿನಿಂದ ನಮ್ಮವರು ಬರುತ್ತಿದ್ದಾರೆ, ಅವರು ಬರುವವರೆಗೆ ಕಾದು, ಸಾಕ್ಷಿ ಇಟ್ಟುಕೊಂಡು ಕಾದಾಡೋಣ ಎಂದು ಅವನ ಅನುಚರ ತಡೆಯುತ್ತಾನೆ. ಬಿಲ್ಲುಬಾಣದ ದಾರಿಯಲ್ಲಿ ಬಹುಮಾನ ಇರುವುದು ಮೊದಲು ನುಗ್ಗಿದವನಿಗೆ ಎಂದು ಸುಎನಾಗಾ ಕುದುರೆಯನ್ನು ಬಿಟ್ಟೇಬಿಡುತ್ತಾನೆ. ಕುದುರೆಗೆ ಬಾಣ ತಗಲುತ್ತದೆ, ಅವನೂ ಗಾಯಗೊಳ್ಳುತ್ತಾನೆ. ಶಿರೊಇಶಿ ಮಿಚಿಯಾಸು ಎಂಬವನ ದೊಡ್ಡ ದಂಡು ಹಿಂದಿನಿಂದ ನುಗ್ಗಿ ಬಂದದ್ದರಿಂದ ಜೀವ ಉಳಿಯುತ್ತದೆ. ಆಮೇಲೆ ಇಬ್ಬರೂ ಮಾಡುವ ಕೆಲಸವೆಂದರೆ ಒಬ್ಬರಿಗೊಬ್ಬರು ಸಾಕ್ಷಿಯಾಗಲು ಒಪ್ಪಿಕೊಳ್ಳುವುದು. ಮಾನ ದೊಡ್ಡದೋ ಗೆಲುವು ದೊಡ್ಡದೋ ಎಂಬ ಘೋಸ್ಟ್ ಆಫ್ ತ್ಸುಶಿಮಾದ ನಾಯಕನ ಇಕ್ಕಟ್ಟು ಇವರನ್ನು ಕಾಡಿದಂತೆ ಕಾಣುವುದಿಲ್ಲ. ಮೊದಲಿಗನಾಗಬೇಕು, ಅದನ್ನು ಯಾರಾದರೂ ನೋಡಿರಬೇಕು, ನೋಡಿದವರು ಹೇಳಬೇಕು.

ಹೀಗಾಗಿ ಈಗಿನ ಬಿಲ್ಡ್‌ನಲ್ಲಿ, ಅಂದರೆ ಗೇಮ್‌ನ ಈಗಿನ ಆವೃತ್ತಿಯಲ್ಲಿ, ಸ್ವಪಕ್ಷದ ಒಬ್ಬ ಸವಾರನಾದರೂ ಕಣ್ಣಳತೆಯಲ್ಲಿ ಇಲ್ಲದಿದ್ದರೆ ಯಾವ ಸಾಹಸಕ್ಕೂ ಅಂಕ ಬರುವುದಿಲ್ಲ. ಸಾಕ್ಷಿಗಾಗಿ ಕಾದರೆ ಮತ್ತೊಬ್ಬ ಮುಂದೆ ಹೋಗಿಬಿಡುತ್ತಾನೆ, ಕಾಯದೆ ನುಗ್ಗಿದರೆ ನೋಡುವವರಿಲ್ಲ. ಸಾಕ್ಷಿ ಕಾಳಗದಲ್ಲಿ ಸತ್ತರೆ ಅವನು ಕಂಡದ್ದೂ ಅವನೊಂದಿಗೇ ಹೋಗುತ್ತದೆ, ಆದ್ದರಿಂದ ಅವನನ್ನು ಕಾಪಾಡುವುದೂ ಆಡುವವನ ಹೊಣೆಯಾಗಿದೆ. ಟೆಸ್ಟ್ ಆಡಿದವರು ಮೊದಲು ಗೊಣಗಿದರೂ ಈಗ ಇದೇ ಭಾಗವನ್ನು ಮತ್ತೆ ಮತ್ತೆ ಆಡುತ್ತಿದ್ದಾರೆ. ಸ್ವಪಕ್ಷದ ಸವಾರರು ಅಲೆಗಳೊಳಗೆ ಇಳಿದು ಅಲ್ಲೇ ಗಿರಕಿ ಹೊಡೆಯುವ ಬಗ್ ಇನ್ನೂ ಹೋಗಿಲ್ಲ. ದಾರಿ ಹುಡುಕುವ ಕೋಡ್‌ನಲ್ಲಿ ನಕ್ಷೆಯ ನೀರಿನ ಚೌಕಗಳನ್ನು ದಾಟುವ ವೆಚ್ಚವನ್ನು ಏರಿಸಿ, ಅವರು ಆ ಕಡೆ ಹೋಗದಂತೆ ಮಾಡಿ ನೋಡುತ್ತಿದ್ದೇನೆ.

ಮುಂದಿನ ಭಾಗ ಕಾಮಾಕುರಾದ್ದು. ತನ್ನ ಸಾಹಸ ಅಲ್ಲಿಯ ವರದಿಯಲ್ಲಿ ಸೇರಿಲ್ಲವೆಂದು ಸುಎನಾಗಾ 1275ರಲ್ಲಿ ಕುದುರೆ, ಜೀನುಗಳನ್ನು ಮಾರಿ ದಾರಿಖರ್ಚಿಗೆ ಹೊಂದಿಸಿಕೊಂಡು ಅಷ್ಟು ದೂರ ಹೋಗಿ, ಅದಾಚಿ ಯಾಸುಮೊರಿಯ ಮುಂದೆ ಅಹವಾಲು ಹೇಳಿಕೊಂಡು, ಕೊನೆಗೆ ಕಾಯಿತೋ ಎಂಬ ಸ್ಥಳದ ಅಧಿಕಾರವನ್ನೂ ಒಂದು ಕುದುರೆಯನ್ನೂ ಪಡೆದ. ಹೊರಗಿನ ಶತ್ರುವನ್ನು ಓಡಿಸಿದ ಯುದ್ಧದಲ್ಲಿ ಹಂಚಲು ಗೆದ್ದ ಭೂಮಿಯೇ ಇರಲಿಲ್ಲವಾದ್ದರಿಂದ ಸರ್ಕಾರದ ಕೈ ಬಿಗಿಯಾಗಿತ್ತು. ಈ ಭಾಗವನ್ನು ಕಾಳಗವಿಲ್ಲದ ಮಾತುಕತೆಯ ಲೆವೆಲ್ ಆಗಿ ಬರೆಯುತ್ತಿದ್ದೇನೆ: ಹಕಾತಾದಲ್ಲಿ ಬದುಕುಳಿದ ಸಾಕ್ಷಿಗಳು ಯಾರು ಎಂಬುದರ ಮೇಲೆ ಯಾಸುಮೊರಿಯ ಪ್ರಶ್ನೆಗಳು ಬದಲಾಗುತ್ತವೆ. ಅಷ್ಟು ಕಷ್ಟಪಟ್ಟು ಬಿಡಿಸಿದ ಕುದುರೆಯನ್ನು ಎರಡನೆಯ ಲೆವೆಲ್‌ನಲ್ಲೇ ಮಾರಿಸುತ್ತೀಯಾ ಎಂದು ತಂಗಿ ಮುನಿಸಿಕೊಂಡಿದ್ದಾಳೆ. ಮಾರಲೇಬೇಕು, ಬೇರೆ ದಾರಿಯಿಲ್ಲ. ಜೀನನ್ನು ಬೇರೆಯಾಗಿ ಮಾರುವ ಆಯ್ಕೆಯನ್ನು ಸೇರಿಸಿದ್ದೇನೆ, ಅದಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಮುಂದಿನ ಬಿಲ್ಡ್‌ನಲ್ಲಿ ಆಡಿಸಿ ನೋಡಿ ನಿರ್ಧರಿಸುತ್ತೇವೆ.